ಅಕ್ಕ ತಿನ್ನದ ರೊಟ್ಟಿ

ನಮ್ಮ ಕಡೆ 'ಮದ್ದು' ಎಂಬ ಮಾತನ್ನು ಸ್ವಲ್ಪ ನೋಡಿಕೊಂಡು ಆಡಬೇಕು. ಜ್ವರಕ್ಕೆ ಕುಡಿಯುವುದೂ ಮದ್ದು, ಗಿಡಕ್ಕೆ ಹೊಡೆಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಇವು ಯಾವುದಕ್ಕೂ ಹೆದರದ ಜನ ಇನ್ನೊಂದು ಮದ್ದಿಗೆ ಹೆದರುತ್ತಾರೆ. ಅದನ್ನು ಅನ್ನದಲ್ಲೋ ರೊಟ್ಟಿಯಲ್ಲೋ ಬೆರೆಸಿ ಹಾಕುತ್ತಾರಂತೆ. ತಿಂದವನು ದಿನದಿಂದ ದಿನಕ್ಕೆ ಒಣಗುತ್ತಾನೆ. ಮನೆಯ ಊಟ ಅವನಿಗೆ ಸೇರುವುದಿಲ್ಲ. ಹಾಕಿದವರ ಹಿಂದೆಯೇ ಮನಸ್ಸು ಓಡುತ್ತದೆ, ಅವರನ್ನು ಯಾರಾದರೂ ಬೈದರೆ ಬೈದವರ ಮೇಲೇ ತಿರುಗಿ ಬೀಳುತ್ತಾನೆ. ಇದನ್ನು ತೆಗೆಯುವ ಪಂಡಿತರೂ ಇದ್ದಾರೆ, ಏನನ್ನೋ ಕುಡಿಸಿ ವಾಂತಿ ಮಾಡಿಸುತ್ತಾರೆ. ನಾನು ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ಎಂದು ಕೇಳಬೇಡಿ. ನಾನು ಟೈಲರ್. ನಂಬುವವರ ಅಂಗಿಯನ್ನೂ ಹೊಲಿಯಬೇಕು, ನಂಬದವರದ್ದನ್ನೂ ಹೊಲಿಯಬೇಕು.

ಮದ್ದು ಹಾಕಿದವರು ಎಂಬ ಹೆಸರು ಹೊತ್ತುಕೊಂಡು ನಮ್ಮೂರಿನಲ್ಲಿ ಬದುಕಿದ ಒಬ್ಬರು ಈ ಸಲ ಕಾಫಿ ಹೂವಾಗುವ ಹೊತ್ತಿಗೆ ತೀರಿಕೊಂಡರು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೇ ಊರು ಅದನ್ನು ಬೇಕಾದಷ್ಟು ಜಗಿದು ಉಗಿದಿದೆ. ನಮಗೆಲ್ಲ ಅವರು ಅಕ್ಕ.

ಬಣಕಲ್ ದಾಟಿ ಘಾಟಿಯ ಕಡೆಗೆ ಹೋಗುವಾಗ ಹೆದ್ದಾರಿಯಲ್ಲಿ ಒಂದು ತಿರುವು ಇದೆ. ತಿರುವಿನ ಈಚೆಗೆ ನನ್ನ ಅಂಗಡಿ, ಆಚೆಗೆ ಅಕ್ಕನ ಹೋಟ್ಲು. ಹೋಟ್ಲು ಎಂದರೆ ತಗಡಿನ ಮಾಡು, ಗೋಡೆಗೆ ತಾಗಿಸಿದ ಬೆಂಚು, ಒಂದು ಒಲೆ. ಅಕ್ಕ ಕಡೂರಿನ ಬಯಲಿನವರು. ಗಂಡ ಇಲ್ಲಿನ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು, ಆಳುಗಳ ಹಾಜರಿ ಬರೆಯುವ ಕೆಲಸ. ಅವರು ಹೋದ ಮೇಲೆ ಎಸ್ಟೇಟಿನ ಮನೆಯನ್ನೂ ಬಿಟ್ಟುಕೊಡಬೇಕಾಯಿತು. ಮಕ್ಕಳಿರಲಿಲ್ಲ. ತವರಿಗೆ ಹೋಗುವುದು ಬಿಟ್ಟು ಈ ತಿರುವಿನಲ್ಲಿ ಒಲೆ ಹೂಡಿದರು. ಯಾಕೆ ಎಂದು ಕೇಳಿದರೆ, "ಅಲ್ಲಿ ಬಿಸಿಲು ಜಾಸ್ತಿ ಕಣ್ರೀ" ಎಂದಿದ್ದರು. ಅವರ ಉತ್ತರಗಳೆಲ್ಲ ಹೀಗೇ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ರಾಗಿ ಮುದ್ದೆ ತಿಂದು ಬೆಳೆದ ಹೆಂಗಸು ನಮಗೆ ಅಕ್ಕಿ ರೊಟ್ಟಿ ಮಾಡಿ ಹಾಕುತ್ತಿದ್ದರು. ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಬಾಡಿಸಿ, ಕೆಂಡದ ಮೇಲೆ ಇಟ್ಟರೆ ಅದು ಉಬ್ಬಿ ನಿಲ್ಲುತ್ತಿತ್ತು. ಉಬ್ಬದ ರೊಟ್ಟಿಯನ್ನು ಯಾರಿಗೂ ಹಾಕುತ್ತಿರಲಿಲ್ಲ, ಅದು ಅವರ ಪಾಲು. ನಮ್ಮ ಮಾತಿನಲ್ಲಿ ಅವರು ಕಲಿತದ್ದು 'ಮಾರಾಯ' ಒಂದನ್ನೇ. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಾ, "ಶಿವನೇ, ಇವತ್ತೊಂದಿನ ಕಾಪಾಡು ಮಾರಾಯ" ಎನ್ನುವುದನ್ನು ನಾನೇ ಕೇಳಿದ್ದೇನೆ. ನಾನು ನಕ್ಕರೆ, "ಯಾಕ್ರೀ, ಅವನು ನಿಮ್ಮೂರವನಲ್ವಾ?" ಎನ್ನುತ್ತಿದ್ದರು.

ಹೋಟ್ಲು ಮುಚ್ಚಲು ಅವರು ಬಾಗಿಲು ಹಾಕುತ್ತಿರಲಿಲ್ಲ. ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಸೌಟನ್ನು ಬೋರಲು ಇಡುತ್ತಿದ್ದರು. ಬೋರಲು ಸೌಟು ಕಂಡರೆ ಆ ದಿನದ್ದು ಮುಗಿಯಿತು ಎಂದು ಅರ್ಥ. ಆಮೇಲೆ ಎಷ್ಟೇ ದೊಡ್ಡ ಸಾಹುಕಾರರು ಕಾರು ನಿಲ್ಲಿಸಿದರೂ ಒಂದು ಲೋಟ ಚಹಾ ಹುಟ್ಟುತ್ತಿರಲಿಲ್ಲ.

ಅವರ ಹೋಟ್ಲಿಗೆ ದಿನಾ ಬೆಳಿಗ್ಗೆ ಬರುತ್ತಿದ್ದ ಒಬ್ಬ ಹುಡುಗನಿದ್ದ. ಹುಡುಗ ಎಂದರೆ ಮೀಸೆ ಬಂದವನೇ. ಮದುವೆಯಾಗದವರೆಲ್ಲ ನಮ್ಮಲ್ಲಿ ಹುಡುಗರು. ಅವನ ಅಪ್ಪನದ್ದು ಪಕ್ಕದಲ್ಲೇ ದಿನಸಿ ಅಂಗಡಿ, ಊರಿನಲ್ಲಿ ತಕ್ಕಮಟ್ಟಿನ ಮರ್ಯಾದೆ. ಮಗ ಜೀಪು ಓಡಿಸುತ್ತಿದ್ದ. ಹೋಂಸ್ಟೇಗೆ ಬಂದ ಪ್ಯಾಟೆಯವರನ್ನು ದೇವರಮನೆ ಗುಡ್ಡಕ್ಕೆ ಹತ್ತಿಸಿ ಇಳಿಸುವ ಕೆಲಸ. ಬೆಳಕು ಹರಿಯುವ ಮೊದಲೇ ಹೊರಡಬೇಕಾದ್ದರಿಂದ ತಿಂಡಿ ಅಕ್ಕನಲ್ಲಿ. ಬಾಯಿ ತುಂಬ ಮಾತು. ಅಕ್ಕನನ್ನು ರೇಗಿಸುವ ಧೈರ್ಯ ಇದ್ದದ್ದು ಅವನಿಗೆ ಮಾತ್ರ. "ಅಕ್ಕಾ, ನಿಮ್ಮ ಕಡೂರಲ್ಲಿ ಮಳೆ ಅಂದ್ರೆ ಪೇಪರಲ್ಲಿ ಬರ್ತದಂತಲ್ಲ?" ಎಂದರೆ ಅಕ್ಕ ಲಟ್ಟಣಿಗೆ ಎತ್ತುತ್ತಿದ್ದರು. ಉಬ್ಬಿದ್ದರಲ್ಲಿ ಚೆನ್ನಾಗಿ ಉಬ್ಬಿದ್ದು ಅವನ ತಟ್ಟೆಗೇ ಹೋಗುತ್ತಿತ್ತು.

ಆಮೇಲೆ ಅವನು ಇಳಿಯತೊಡಗಿದ. ಪ್ಯಾಂಟಿನ ಸೊಂಟ ಹಿಡಿಸಲು ನನ್ನಲ್ಲಿಗೆ ತಂದ. ಹೊಲಿದುಕೊಟ್ಟೆ. ಸ್ವಲ್ಪ ಸಮಯದಲ್ಲೇ ಅದೇ ಪ್ಯಾಂಟು ಮತ್ತೆ ಬಂತು. ಬೇಸಿಗೆಯಲ್ಲಿ ತುಂಬುತೋಳಿನ ಅಂಗಿ ಹೊಲಿಸಿದ, ಮಣಿಕಟ್ಟಿನ ಗುಂಡಿ ಬಿಗಿಯಾಗಿರಲಿ ಎಂದ. ತೋಳಿನ ಅಳತೆಗೆ ಟೇಪು ಹಿಡಿದರೆ ಕೈ ಹಿಂದಕ್ಕೆ ಎಳೆದುಕೊಂಡ.

ಒಂದು ಮಧ್ಯಾಹ್ನ ಅಕ್ಕ ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು. ಅವರು ಒಲೆ ಬಿಟ್ಟು ಬಂದದ್ದೇ ಅಪರೂಪ. ಮೇಜಿನ ಮೇಲಿದ್ದ ಆ ಪ್ಯಾಂಟನ್ನು ನೋಡಿ ಅದು ಯಾರದ್ದೆಂದು ಗುರುತು ಹಿಡಿದರು.

"ಒಳಗಿನ ಬಟ್ಟೆ ಕತ್ತರಿಸ್ತೀರಾ ಟೈಲರ್ರೇ?"

"ಹ್ಞೂ ಮತ್ತೆ, ಇಷ್ಟು ದಪ್ಪ ಮಡಚಿದ್ರೆ ಸೊಂಟಕ್ಕೆ ಒತ್ತುತ್ತೆ ಅಕ್ಕ."

"ಒತ್ತಲಿ. ಕತ್ತರಿಸಬ್ಯಾಡ್ರಿ. ಮತ್ತೆ ಬಿಚ್ಚೋದಕ್ಕೆ ಬೇಕಾಗುತ್ತೆ."

ಆಮೇಲೆ ಸ್ಟೂಲಿನ ಮೇಲೆ ಕುಳಿತು ಹೇಳಿದರು. ಆ ಬೆಳಿಗ್ಗೆ ಅವನ ಕೈ ನಡುಗಿ ಚಹಾದ ಲೋಟ ಬಿದ್ದಿತ್ತು. ಜ್ವರವೆಂದು ಹಣೆ ಮುಟ್ಟಿದ್ದಕ್ಕೆ ಅವನು ಅತ್ತು ಎಲ್ಲ ಹೇಳಿದ್ದ. ಜೀಪಿಗೆ ಹತ್ತಿದವರು ಒಂದು ದಿನ ತಮಾಷೆಗೆ ಏನೋ ಪುಡಿ ಕೊಟ್ಟಿದ್ದರು. ಆಮೇಲೆ ತಮಾಷೆ ಇರಲಿಲ್ಲ. ಈಗ ನೋವಿನ ಮಾತ್ರೆಗಳಿಗೆ ಬಂದು ನಿಂತಿತ್ತು, ಸೂಜಿಗೂ ಬಂದಿತ್ತು. ಅದಿಲ್ಲದೆ ಬೆಳಿಗ್ಗೆ ಏಳಲಾಗುತ್ತಿರಲಿಲ್ಲ, ಮೈಯೆಲ್ಲ ಮುರಿದು ಹಾಕಿದ ಹಾಗಾಗುತ್ತಿತ್ತು. ಬಿಡಬೇಕೆಂದು ಎಷ್ಟೋ ಸಲ ಬಿಟ್ಟು ಮತ್ತೆ ಹಿಡಿದಿದ್ದನಂತೆ.

"ಅಪ್ಪನಿಗೆ ಹೇಳಿ" ಎಂದೆ.

"ಹೇಳ್ತೀನಿ. ಹ್ಯಾಗೆ ಹೇಳ್ಲಿ ಅಂತ ನೋಡ್ತಿದೀನಿ."

ಹೇಳುವ ಮೊದಲೇ ಆ ಅಪ್ಪ ಹೋಟ್ಲಿನಲ್ಲಿ ಪೇಪರು ಹಿಡಿದು ಕುಳಿತರು. ಎಲ್ಲೋ ಯಾರೋ ಹುಡುಗರು ಪುಡಿ ಇಟ್ಟುಕೊಂಡು ಪೊಲೀಸರ ಕೈಗೆ ಸಿಕ್ಕ ಸುದ್ದಿ ಅದರಲ್ಲಿತ್ತು. ಅದನ್ನು ಜೋರಾಗಿ ಓದಿ, "ನನ್ನ ಮಗ ಇಂಥದ್ದಕ್ಕೆ ಕೈ ಹಾಕಿದ್ರೆ ಹೊಸ್ತಿಲು ತುಳಿಸಲ್ಲ ಮಾರಾಯ್ರೇ. ಸತ್ತ ಅಂತ ತಲೆಗೆ ನೀರು ಹಾಕ್ಕೊಂಡು ಬಿಡ್ತೀನಿ" ಎಂದರು. ಬೆಂಚಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಆ ಅಪ್ಪ ಕೆಟ್ಟವರಲ್ಲ. ಆದರೆ ಹೇಳಿದ್ದನ್ನು ಮಾಡುವ ಜಾತಿ. ತಮ್ಮನೊಬ್ಬ ಹೇಳದೆ ಮದುವೆಯಾದನೆಂದು ಇವತ್ತಿಗೂ ಅವನ ಮುಖ ನೋಡಿಲ್ಲ. ಅಕ್ಕನ ಕೆಂಡದ ಮೇಲಿದ್ದ ರೊಟ್ಟಿ ಆ ದಿನ ಸೀದುಹೋಯಿತು.

ಮನೆಯವರು ಸುಮ್ಮನಿರಲಿಲ್ಲ. ಮಗ ಒಣಗುತ್ತಿದ್ದಾನೆ, ಮನೆಯಲ್ಲಿ ಉಣ್ಣುವುದಿಲ್ಲ, ಒಂದೇ ಸಮನೆ ವಾಂತಿ, ಬೆಳಗಾದರೆ ಹೋಟ್ಲಿಗೆ ಓಡುತ್ತಾನೆ. ಕಳಸದ ಕಡೆಯ ಒಬ್ಬ ಪಂಡಿತರನ್ನು ಕೇಳಿದರು. ಅವರು ಮುಖ ನೋಡಿ, ಮದ್ದು ಬಿದ್ದಿದೆ, ಹೊರಗಿನಿಂದ ಬಂದ ಹೆಂಗಸಿನ ಕೈ ಅನ್ನ ಎಂದರಂತೆ. ಇನ್ನೇನು ಬೇಕು? ಹೊರಗಿನವಳು, ವಿಧವೆ, ಮಕ್ಕಳಿಲ್ಲ. ಮಕ್ಕಳಿಲ್ಲದ್ದಕ್ಕೇ ನಮ್ಮ ಮಗನನ್ನು ತನ್ನ ಕಡೆ ಮಾಡಿಕೊಂಡಳು ಎಂದು ತಾಯಿ ಎದೆ ಬಡಿದುಕೊಂಡಳು. ಅತ್ತ ಗುಟ್ಟು ಬಿಚ್ಚಿದರೆ ಮಗನನ್ನು ಹೊರಗೆ ಹಾಕುವ ಅಪ್ಪ, ಇತ್ತ ಮಗನಿಗಾಗಿ ಇಡೀ ಊರನ್ನೇ ಕರೆದುಕೊಂಡು ಹೋಟ್ಲಿಗೆ ಬಂದರು.

ಆ ಬೆಳಿಗ್ಗೆ ನಾನು ಅಲ್ಲೇ ಬೆಂಚಿನ ತುದಿಯಲ್ಲಿದ್ದೆ. ಹುಡುಗ ಎಲ್ಲರ ಹಿಂದೆ ಸ್ವೆಟರಿನೊಳಗೆ ಕೈ ಅಡಗಿಸಿ ನಿಂತಿದ್ದ. ಅಪ್ಪ ಒಲೆಯ ಹತ್ತಿರ ಹೋಗಿ, ಆಗತಾನೇ ಇಳಿಸಿದ ರೊಟ್ಟಿಯನ್ನು ತೋರಿಸಿ ಹೇಳಿದರು: "ನಾವು ಜಗಳಕ್ಕೆ ಬಂದಿಲ್ಲ. ಈ ರೊಟ್ಟೀಲಿ ಒಂದು ಚೂರು ಮುರಿದು ನೀವೇ ಮೊದ್ಲು ತಿನ್ನಿ. ತಿಂದ್ರೆ ನಾವು ಕೈ ಮುಗಿದು ಹೋಗ್ತೀವಿ."

ಇದು ನಮ್ಮ ಕಡೆಯ ಪರೀಕ್ಷೆ. ಮದ್ದು ಹಾಕಿದವರು ತಾವು ಮಾಡಿದ್ದನ್ನು ನಾಲ್ಕು ಜನರೆದುರು ತಿನ್ನಲಾರರು ಎಂದು ನಂಬಿಕೆ. ಇದಕ್ಕಿಂತ ಸುಲಭದ ಪರೀಕ್ಷೆ ಯಾವುದಿದೆ? ಒಂದು ಚೂರು ರೊಟ್ಟಿ. ತಿಂದು ಮುಗಿಸಿ ಅಕ್ಕ ಎಂದು ನಾನು ಮನಸ್ಸಿನಲ್ಲೇ ಅನ್ನುತ್ತಿದ್ದೆ.

ಅಕ್ಕ ರೊಟ್ಟಿ ನೋಡಿದರು. ಜನರ ಸಂದಿಯಲ್ಲಿ ಹುಡುಗನನ್ನು ನೋಡಿದರು. ಅವನು ಮುಖ ತಗ್ಗಿಸಿದ. ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಸೌಟನ್ನು ತೆಗೆದು ಮುಚ್ಚಳದ ಮೇಲೆ ಬೋರಲು ಇಟ್ಟರು.

"ನಾನು ತಿನ್ನಲ್ಲ" ಎಂದರು.

ತಾಯಿ ಅಲ್ಲೇ ಕುಸಿದು ಕುಳಿತಳು. ಅಕ್ಕ ಮತ್ತೂ ಒಂದು ಮಾತು ಸೇರಿಸಿದರು: "ಮದ್ದು ತೆಗೆಸ್ರಿ. ಬ್ಯಾಗ ಕರ್ಕೊಂಡೋಗಿ ತೆಗೆಸ್ರಿ. ಹುಡುಗ ಉಳೀತಾನೆ."

ಊರಿಗೆ ಇದು ಒಪ್ಪಿಕೊಂಡ ಹಾಗೇ ಆಯಿತು. ಬೆಂಚಿನಲ್ಲಿದ್ದ ಒಬ್ಬ ಬಾಯಿಯಲ್ಲಿದ್ದ ತುತ್ತನ್ನು ರಸ್ತೆಗೆ ಉಗಿದ. ಅಪ್ಪ ಬೈಯಲೂ ಇಲ್ಲ. ಮಗನ ಭುಜ ಹಿಡಿದು, ಎಷ್ಟೋ ತಿಂಗಳ ಮೇಲೆ ಅವನನ್ನು ಹತ್ತಿರಕ್ಕೆ ಎಳೆದುಕೊಂಡು, "ಬಾ ಮಗಾ, ನಿನ್ನ ತಪ್ಪಿಲ್ಲ" ಎಂದು ಕರೆದುಕೊಂಡು ಹೋದರು.

ಮಧ್ಯಾಹ್ನ ನಾನು ರೇಗಿಕೊಂಡೇ ಹೋದೆ. "ಎಂತ ಮಾಡಿದ್ರಿ ಅಕ್ಕ? ಒಂದು ಚೂರು ತಿಂದಿದ್ರೆ ಮುಗೀತಿತ್ತು."

ಅಕ್ಕ ಒಲೆಯ ಬೂದಿ ತೆಗೆಯುತ್ತಿದ್ದರು. "ನಾನು ತಿಂದ್ರೆ ಮದ್ದಿಲ್ಲ ಅಂತಾಗುತ್ತೆ. ಮದ್ದಿಲ್ಲ ಅಂದ್ರೆ ಮತ್ತೇನು ಅಂತ ಹುಡುಕ್ತಾರೆ. ಅಂಗಿ ತೋಳು ಎತ್ತಿಸ್ತಾರೆ. ಆಮ್ಯಾಲೆ ಆ ಹುಡುಗ ಎಲ್ಲಿಗೆ ಹೋಗ್ಬೇಕು? ಇದಾದ್ರೆ ಅವನಿಗೆ ಯಾರೋ ಮಾಡಿದ್ದು. ಅದಾದ್ರೆ ಅವನೇ ಮಾಡ್ಕೊಂಡಿದ್ದು." ಬೂದಿಯನ್ನು ಮೊರಕ್ಕೆ ತುಂಬಿಕೊಂಡು ಎದ್ದರು. "ನೀವು ಈಗ ಅವರ ಮನೆಗೆ ಹೋಗ್ರಿ ಟೈಲರ್ರೇ. ಚಿಕ್ಕಮಗಳೂರಲ್ಲಿ ಮದ್ದು ತೆಗೆಯೋರು ಗೊತ್ತು ಅನ್ನಿ. ಅಲ್ಲೇ ಬಿಟ್ಟು ಬರಬೇಕು, ತೆಗೆಯೋ ತನಕ ಮನೆಯವರ ಮುಖ ನೋಡಬಾರದು ಅನ್ನಿ. ಆಸ್ಪತ್ರೆಗೆ ಸೇರ್ಸಿ. ನಾನಿರೋ ತನಕ ಯಾರ ಹತ್ರಾನೂ ಬಾಯಿ ಬಿಡಬ್ಯಾಡ್ರಿ."

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಕ್ಕ ತಾವೇ ಕೋಲಾಗಿ ಮುರಿದುಕೊಂಡಿದ್ದರು. ಆ ಕ್ಷಣ ನನಗೆ ಅವರ ಮೇಲೆ ಸಿಟ್ಟೂ ಬಂತು, ಕಾಲು ಮುಟ್ಟಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಅವರು ಹೇಳಿದ್ದನ್ನು ಮಾಡಿದೆ.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಡಾಕ್ಟರು ಇದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಮನೆಯವರಿಗೆ ಮದ್ದು ತೆಗೆಸುವುದೆಂದು ಹೇಳಿಕೊಂಡು ಬಂದಿದ್ದೇನೆ ಎಂಬುದನ್ನೂ ಹೇಳಿದೆ. ಅವರು ನಗಲಿಲ್ಲ. "ಇಲ್ಲೂ ಅದನ್ನೇ ತೆಗೆಯೋದು, ಸುಳ್ಳೇನಾಗಲ್ಲ ಬಿಡಿ" ಎಂದರು. ವಾರ್ಡಿನಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಅತ್ತಿಗುಂಡಿ ಕಡೆಯ ಎಸ್ಟೇಟಿನ ಆಳುಗಳ ಲೈನ್ ಮನೆಯವನೊಬ್ಬ, ಕಾರಿನಲ್ಲಿ ಬಂದ ಪ್ಲಾಂಟರ ಮಗನೊಬ್ಬ, ಇಬ್ಬರೂ ಒಂದೇ ಕಂಬಳಿಯೊಳಗಿನವರಂತೆ ನಡುಗುತ್ತಿದ್ದರು. ನಾನು ನೋಡುತ್ತಿದ್ದುದನ್ನು ಕಂಡು ಡಾಕ್ಟರು ಹೇಳಿದರು: "ಇದು ನಮ್ಮ ಊರಿನ ಕಥೆ ಅಂತ ತಿಳ್ಕೋಬೇಡಿ. ಪ್ರಪಂಚದಲ್ಲಿ ಯಾವ ದೇಶದ ಇಂಥ ವಾರ್ಡಿಗೆ ಹೋದ್ರೂ ಈ ವಯಸ್ಸಿನವರೇ ಜಾಸ್ತಿ. ದುಡಿಬೇಕಾದ ವಯಸ್ಸು. ಮದ್ದು ನಾವು ಕೊಡ್ತೀವಿ, ಆದ್ರೆ ವಾಪಸ್ ಹೋಗೋಕೆ ಒಂದು ಮನೆ ಬೇಕು. ಮನೆ ಇಲ್ಲದವರು ನಮ್ಮ ಕೈಗೆ ಉಳಿಯೋದು ಕಷ್ಟ." ಇವನಿಗೆ ಮನೆ ಇದೆ ಎಂದೆ. ಆ ಮನೆಯನ್ನು ಯಾರು ಉಳಿಸಿಕೊಟ್ಟರು ಎಂದು ಹೇಳಲಿಲ್ಲ.

ಅಲ್ಲಿಂದ ಬಂದವನಿಗೆ ಮನೆಯಲ್ಲಿ ಕೋಸಂಬರಿ, ಪಾಯಸ. ಎಲ್ಲೂ ಒಬ್ಬನೇ ಹೋಗದಂತೆ ತಾಯಿಯ ಕಾವಲು. ಆದರೆ ಒಂದೇ ಸಲಕ್ಕೆ ಮುಗಿಯುವ ಕಾಯಿಲೆ ಅದಲ್ಲ. ಕಾಫಿ ಹಣ್ಣು ಕೊಯ್ಯುವ ಹೊತ್ತಿಗೆ ಅವನು ಮತ್ತೆ ಜಾರಿದ. ಅಷ್ಟು ದಿನ ಅಕ್ಕನ ಹೋಟ್ಲಿನ ನೆರಳಿಗೂ ಹೋಗಿರಲಿಲ್ಲ. ಆದರೂ ಊರು ಅಕ್ಕನನ್ನೇ ಹಿಡಿಯಿತು. ಗಾಳಿಯಲ್ಲೇ ಮದ್ದು ಬಿಡುತ್ತಾಳೆ ಎಂದವರೂ ಇದ್ದರು. ಒಂದು ದಿನ ಬೆಳಿಗ್ಗೆ ನೋಡಿದರೆ ಹೋಟ್ಲಿನ ಬೆಂಚನ್ನು ಯಾರೋ ಮುರಿದು ಹಾಕಿದ್ದರು. ನಾನು ಹುಡುಗನನ್ನು ಮತ್ತೆ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಎರಡನೆಯ ಸಲ ಜಾರದೆ ಹಿಡಿದು ನಿಂತ.

ನಿಂತವನು ಒಂದು ದಿನ, ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ ಎಂದು ಹೋಟ್ಲಿಗೆ ನುಗ್ಗಿದ್ದ. ಅಕ್ಕ ಅವನನ್ನು ಒಳಗೆ ಬಿಡಲಿಲ್ಲ. "ಇಲ್ಲಿಗೆ ಬರಬ್ಯಾಡ. ನೀನು ಬಂದಷ್ಟು ದಿನ ನಿಮ್ಮಪ್ಪಂಗೆ ಮದ್ದು ಇಳೀಲಿಲ್ಲ ಅನಿಸ್ತದೆ. ನಾನಿರೋ ತನಕ ಇದು ಹೀಗೇ ಇರ್ಲಿ. ಆಮ್ಯಾಲೆ ನಿನ್ನಿಷ್ಟ" ಎಂದು ಬೆನ್ನು ತಿರುಗಿಸಿದರು. ಅವನು ಹೋದ ಮೇಲೂ ಬಹಳ ಹೊತ್ತು ಹಾಗೇ ನಿಂತಿದ್ದರು.

ಆಮೇಲೆ ಅವನು ಜೀಪಿನಲ್ಲಿ ತಿರುವು ದಾಟುವಾಗ ಹಾರನ್ ಹೊಡೆಯುತ್ತಿದ್ದ. ತಿರುವಿನಲ್ಲಿ ಹಾರನ್ ಹೊಡೆಯುವುದಕ್ಕೆ ಯಾರ ಅಪ್ಪಣೆ ಬೇಕು? ಎಲ್ಲರೂ ಹೊಡೆಯುತ್ತಾರೆ. ಆದರೆ ಅವನ ಹಾರನ್ ಕೇಳಿದರೆ ಅಕ್ಕ ತಲೆಯೆತ್ತದೆ ಸೌಟನ್ನು ಸ್ವಲ್ಪ ಮೇಲೆತ್ತುತ್ತಿದ್ದರು. ಆಮೇಲೆ ಇನ್ನೊಂದು ರೊಟ್ಟಿ ಲಟ್ಟಿಸಿ ಕೆಂಡಕ್ಕೆ ಹಾಕುತ್ತಿದ್ದರು. ಉಬ್ಬಿದ ಆ ರೊಟ್ಟಿ ನನ್ನ ತಟ್ಟೆಗೆ ಬರುತ್ತಿತ್ತು. ಅದು ನನ್ನದಲ್ಲ ಎಂದು ಗೊತ್ತಿದ್ದೇ ತಿನ್ನುತ್ತಿದ್ದೆ.

ಊರಿನವರಲ್ಲಿ ಅಲ್ಲಿ ಉಣ್ಣುತ್ತಿದ್ದವನು ನಾನೊಬ್ಬನೇ. ನನ್ನ ಹೆಂಡತಿ ಮನೆಗೆ ಹೋದ ಕೂಡಲೇ ಲಿಂಬೆ ಶರಬತ್ತು ಕುಡಿಸುತ್ತಿದ್ದಳು, ಮದ್ದಿದ್ದರೆ ಹೋಗಲಿ ಎಂದು. ಹೋಟ್ಲೇನೂ ಮುಚ್ಚಲಿಲ್ಲ. ಘಾಟಿ ಹತ್ತಿ ಬರುವ ಲಾರಿಯವರು, ಬೆಂಗಳೂರಿನ ಪ್ರವಾಸಿಗಳು ತಿನ್ನುತ್ತಿದ್ದರು, ಉಬ್ಬಿದ ರೊಟ್ಟಿಯ ಫೋಟೊ ತೆಗೆಯುತ್ತಿದ್ದರು. ಗುರುತಿಲ್ಲದವರೆಲ್ಲ ತಿಂದರು, ಗುರುತಿದ್ದವರು ಅವರ ಕೈಯ ನೀರನ್ನೂ ಮುಟ್ಟಲಿಲ್ಲ. ಹೆಣ್ಣುಮಕ್ಕಳು ಬಸ್ಸು ಕಾಯಲು ಅಲ್ಲಿ ನಿಲ್ಲುವುದನ್ನು ಬಿಟ್ಟರು. ಅರಿಶಿನ ಕುಂಕುಮಕ್ಕಂತೂ ಮೊದಲೇ ಕರೆಯುತ್ತಿರಲಿಲ್ಲ. ಈಗ ಹಬ್ಬಕ್ಕೆ ಮನೆಗಳಿಂದ ಬರುತ್ತಿದ್ದ ಎಡೆಯೂ ನಿಂತಿತು. ಅಕ್ಕ ಮಾತು ಕಡಿಮೆ ಮಾಡಿದರು. ಗಿರಾಕಿಯಿಲ್ಲದ ಹೊತ್ತಿನಲ್ಲಿ ಒಲೆಗೇ ಏನೋ ಹೇಳಿಕೊಳ್ಳುತ್ತಿದ್ದುದು ನನ್ನ ಮೆಷಿನ್ನಿನಿಂದಲೇ ಕಾಣುತ್ತಿತ್ತು.

"ತವರಿಗಾದ್ರೂ ಹೋಗಿ ಬನ್ನಿ ಅಕ್ಕ" ಎಂದರೆ, "ಹಾರನ್ ಅಲ್ಲಿಗೆ ಕೇಳಿಸಲ್ಲ ಮಾರಾಯ್ರೇ" ಎಂದರು. ತಮ್ಮ ವಿಷಯಕ್ಕೆ ಅಡ್ಡಗೋಡೆಯ ಮೇಲಿನ ದೀಪವಲ್ಲದ ಉತ್ತರವನ್ನು ಅವರ ಬಾಯಲ್ಲಿ ಕೇಳಿದ್ದು ನಾನು ಅದೊಂದೇ ಸಲ.

ಹೋದ ವರ್ಷ ಹುಡುಗ ಆ ಹಳೆಯ ಪ್ಯಾಂಟನ್ನು ತಂದ. ಸೊಂಟ ಬಿಗಿಯಾಗುತ್ತಿದೆ ಎಂದ. ನಾನು ಹೊಲಿಗೆ ಬಿಚ್ಚಿದೆ. ಒಳಗಿನ ಬಟ್ಟೆ ಬಣ್ಣ ಮಾಸದೆ ಹೊಸದರ ಹಾಗೇ ಇತ್ತು. ಅದನ್ನು ಅಕ್ಕನಿಗೆ ತೋರಿಸಲು ರಸ್ತೆ ದಾಟಿದೆ. ಅಕ್ಕ ಬೆರಳಿನಿಂದ ಸವರಿ ನೋಡಿದರು. "ನಾನು ಹೇಳಿರ್ಲಿಲ್ವಾ" ಎಂದು ಹಿಟ್ಟು ನಾದತೊಡಗಿದರು. ಅವತ್ತು ಉಬ್ಬದ ರೊಟ್ಟಿಯೂ ಅವರ ಪಾಲಿಗೆ ಉಳಿಯಲಿಲ್ಲ, ಎಲ್ಲವೂ ಉಬ್ಬಿದವು.

ಅವರು ಹೋದ ದಿನ ನಾನು ಮಧ್ಯಾಹ್ನ ಚಹಾಕ್ಕೆ ಕೂಗಿದೆ. ಸೌಟು ನೆಟ್ಟಗೇ ಇತ್ತಲ್ಲ, ಹೋಟ್ಲು ತೆರೆದಿದೆ ಎಂದುಕೊಂಡೆ. ಉತ್ತರ ಬರಲಿಲ್ಲ. ಒಲೆಯ ಪಕ್ಕದ ಗೋಡೆಗೆ ಒರಗಿ ಕುಳಿತಲ್ಲೇ ಹೋಗಿದ್ದರು. ಸೌಟನ್ನು ನಾನೇ ಬೋರಲು ಇಟ್ಟೆ.

ಕಡೂರಿನಿಂದ ಒಬ್ಬಿಬ್ಬರು ಬಂದರು. ಊರಿನವರು ದೂರದಲ್ಲಿ ನಿಂತರು. ಅವರ ಪದ್ಧತಿಯಂತೆ ಕುಳ್ಳಿರಿಸಿ ಹೊರಬೇಕು, ಹೆಗಲು ಸಾಲಲಿಲ್ಲ. ಆಗ ಜೀಪು ಬಂದು ನಿಂತಿತು. ಹುಡುಗ ಇಳಿದು ಬಂದು ನೇರ ಹೆಗಲು ಕೊಟ್ಟ. ಅವನ ಅಪ್ಪ ಅಮ್ಮ ಓಡಿ ಬಂದು ಅವನ ಅಂಗಿ ಹಿಡಿದು ಎಳೆದರು. ಅವನು ಬಿಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನನ್ನ ಅಂಗಡಿಯೆದುರು ಎಲ್ಲ ನಿಂತಿದ್ದರು. ಹುಡುಗನಿಗೆ ಮದುವೆಯ ಮಾತು ನಡೆಯುತ್ತಿತ್ತು, ಹೆಣ್ಣಿನ ಕಡೆಯ ಒಬ್ಬರೂ ಅಲ್ಲಿದ್ದರು. ಅವನು ಅದನ್ನೂ ಲೆಕ್ಕಿಸದೆ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಹಳೆಯ ಕಲೆಗಳನ್ನು ತೋರಿಸಿದ.

"ಅಪ್ಪ, ಅಕ್ಕ ಎಂತದೂ ಹಾಕಿರ್ಲಿಲ್ಲ. ನಾನೇ ಹಾಕ್ಕೊಂಡಿದ್ದು. ಮಾತ್ರೆ, ಸೂಜಿ, ಎಲ್ಲ ನಾನೇ. ನೀವು ಹೊರಗೆ ಹಾಕ್ತೀರಿ ಅಂತ ಅಕ್ಕ ತಲೆ ಮೇಲೆ ಹೊತ್ಕೊಂಡ್ರು."

ಈಗಲಾದರೂ ಅಕ್ಕನ ಮೇಲಿನ ಕೆಟ್ಟ ಹೆಸರು ಕಳೆಯಿತು ಎಂದು ನನ್ನ ಎದೆ ಹಗುರವಾಯಿತು. ಅಷ್ಟರಲ್ಲಿ ತಾಯಿ ಹತ್ತಿರ ಬಂದು ಮಗನ ತೋಳನ್ನು ಮೆಲ್ಲಗೆ ಕೆಳಗಿಳಿಸಿದಳು, ಗುಂಡಿ ಹಾಕಿದಳು. ಕಣ್ಣಲ್ಲಿ ನೀರಿತ್ತು.

"ನೋಡಿ, ಸತ್ತ ಮೇಲೂ ಅವಳನ್ನೇ ವಹಿಸ್ಕೊಂಡು ಮಾತಾಡ್ತಾನೆ" ಎಂದಳು ಗಂಡನಿಗೆ. "ಪೂರ್ತಿ ಇಳಿದೇ ಇಲ್ಲ."

ಗುಂಪಿನಲ್ಲಿ ಹೌದು ಹೌದು ಎಂದು ತಲೆಗಳು ಆಡಿದವು. ನನಗೆ ತಡೆಯಲಾಗಲಿಲ್ಲ. "ಅವನು ಹೇಳ್ತಿರೋದು ನಿಜ. ನಾನೇ ಆಸ್ಪತ್ರೆಗೆ ಸೇರಿಸಿದ್ದು. ನನಗೆ ಎಲ್ಲ ಗೊತ್ತಿತ್ತು" ಎಂದೆ.

ಅಪ್ಪ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಕನಿಕರದಿಂದ.

"ನೀವೂ ಅವಳ ಕೈ ರೊಟ್ಟಿ ತಿಂದವ್ರೇ ಅಲ್ವಾ, ಟೈಲರ್ರೇ."

"ಹೌದು" ಎಂದೆ. "ದಿನಾ ತಿಂದಿದೀನಿ."